ಮಾತೃಭಾಷೆಯ ಕಾಲಮಿನಲ್ಲಿ ‘ಕನ್ನಡ’ ಎಂದು ಬರೆದ ನೇಪಾಳಿ ಹುಡುಗ: ನಾನೇನು ಮಾಡಲಿ?

ಆರನೆಯ ತರಗತಿ — ನವೆಂಬರ್ 19, ರಾತ್ರಿ 9:40

ಕಲಬುರಗಿಯ ಒಂದು ಶಾಲೆಯಲ್ಲಿ ಆರನೆಯ ತರಗತಿಗೆ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಯ ಹೆಸರು ಬೇಡ. ಒಬ್ಬ ಹುಡುಗನ ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿದೆ. ಸಲಹೆಗಿಂತ ಮೊದಲು ಬೈಗುಳ ಸಿಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ನನ್ನದು.

ಹುಡುಗನ ತಂದೆ ತಾಯಿ ನೇಪಾಳದ ಅಛಾಮ್ ಜಿಲ್ಲೆಯವರು. ಮದುವೆಯಾದ ವರ್ಷವೇ ಇಲ್ಲಿಗೆ ಬಂದರಂತೆ. ತಂದೆ ಸೇಡಂ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ ರಾತ್ರಿ ಕಾವಲು. ಕೋಲು, ಬ್ಯಾಟರಿ, ಸೀಟಿ. ತಿಂಗಳ ಮೊದಲ ವಾರ ಮನೆಮನೆಗೆ ಹೋಗಿ ಹಣ ಕೇಳುವ ಕೆಲಸ. ತಾಯಿ ಸಂಜೆ ಮೊಮೊ ಗಾಡಿಯೊಂದಕ್ಕೆ ಹಿಟ್ಟು ನಾದಿ ಕೊಡುತ್ತಾರೆ. ಹುಡುಗ ಹುಟ್ಟಿದ್ದು ಬೆಳೆದದ್ದು ಇಲ್ಲಿಯೇ. ಅವನ ಓದು ಕೇಳಬೇಕು ನೀವು. ಅಲ್ಪಪ್ರಾಣ ಮಹಾಪ್ರಾಣ ಒಂದೂ ಜಾರುವುದಿಲ್ಲ. ನನ್ನ ಸ್ವಂತ ಮಗನ ಬಗ್ಗೆ ಈ ಮಾತು ಹೇಳಲಾರೆ.

ಜೂನ್ ತಿಂಗಳಲ್ಲಿ ಮಕ್ಕಳ ವಿವರ ತುಂಬಿಸುವಾಗ ಅವನು ಮಾತೃಭಾಷೆ ‘ಕನ್ನಡ’ ಎಂದೂ ಸ್ವಂತ ಊರು ‘ಕಲಬುರಗಿ’ ಎಂದೂ ಬರೆದಿದ್ದ. ಕೇಳಿದರೆ, “ಸರಿಯಾಗಿಯೇ ಬರೆದಿದ್ದೇನೆ ಟೀಚರ್” ಎಂದ. ಬಿಟ್ಟೆ. ಆಗಸ್ಟ್‌ನಲ್ಲಿ ಒಂದು ದಿನ ಬುತ್ತಿ ಮರೆತು ಬಂದಿದ್ದ. ತಂದೆ ರಾತ್ರಿ ಪಾಳಿ ಮುಗಿಸಿ, ತಲೆಯ ಮೇಲೆ ನೇಪಾಳಿಗರ ಆ ಬಣ್ಣದ ಟೋಪಿ ಇರುವಂತೆಯೇ ಡಬ್ಬಿ ಹಿಡಿದು ಗೇಟಿಗೆ ಬಂದರು. ಹುಡುಗರು “ಸಲಾಂ ಶಾಬ್” ಎಂದು ಅಣಕಿಸತೊಡಗಿದರು. ಇವನು ಹೋಗಿ ಡಬ್ಬಿ ತೆಗೆದುಕೊಂಡು, ಪಕ್ಕದವನಿಗೆ ಹೇಳಿದ: “ನಮ್ಮ ಓಣಿಯ ಗೂರ್ಖಾ. ಅಪ್ಪ ಇವರ ಕೈಯಲ್ಲಿ ಕಳುಹಿಸಿದ್ದಾರೆ.”

ನಾನು ಎರಡು ಮಾರು ದೂರದಲ್ಲಿದ್ದೆ. ತಂದೆಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಇಷ್ಟು ತಿಳಿಯದೆ ಇರುತ್ತದೆಯೇ? ಆ ಮನುಷ್ಯ ಮಗನ ಮಾತನ್ನು ಸುಳ್ಳು ಮಾಡಲಿಲ್ಲ. ಬಡಾವಣೆಯ ಮನೆಯವರಿಗೆ ಹೊಡೆಯುವ ಹಾಗೆ ಅವನಿಗೂ ಒಂದು ಸಲಾಮು ಹೊಡೆದು ಹೊರಟುಹೋದರು.

ಇನ್ನು ನನ್ನ ತಪ್ಪು. ಮಕ್ಕಳ ದಿನಾಚರಣೆಗೆ ವೇಷಭೂಷಣದ ಕಾರ್ಯಕ್ರಮವಿತ್ತು. ಹುಡುಗನಲ್ಲಿ ಹೆಮ್ಮೆ ಹುಟ್ಟಿಸಿಯೇ ತೀರುತ್ತೇನೆ ಎಂದು ತಂದೆಯಿಂದ ಅವರ ಕಡೆಯ ಉಡುಪಾದ ದೌರಾ–ಸುರುವಾಲ್, ಟೋಪಿ ತರಿಸಿದೆ. ಹಿಂದೆ ಥರ್ಮಾಕೋಲಿನ ಹಿಮಾಲಯ. ಮೈಕಿನ ಮುಂದೆ ನಿಲ್ಲಿಸಿ “ನಾನು ನೇಪಾಳ, ಜಗತ್ತಿನ ಅತಿ ಎತ್ತರದ ಶಿಖರ ನನ್ನಲ್ಲಿದೆ” ಎಂದು ಹೇಳಿಸಿದೆ. ಚಪ್ಪಾಳೆ ಬಿತ್ತು. ಮರುದಿನದಿಂದ ಹುಡುಗ ಶಾಲೆಗೆ ಬಂದಿಲ್ಲ. ಇಂದು ಅವನ ತಾಯಿ ಬಂದಿದ್ದರು. ಬೇರೆ ಶಾಲೆಗೆ ಹಾಕು ಎಂದು ಹಟ ಹಿಡಿದಿದ್ದಾನಂತೆ. ಮನೆಯಲ್ಲೂ ಅವರ ಭಾಷೆಯಲ್ಲಿ ಉತ್ತರ ಕೊಡುವುದಿಲ್ಲವಂತೆ. ಸೂಪರ್ ಮಾರ್ಕೆಟ್‌ಗೆ ಹೋದರೆ ತಾಯಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಾನಂತೆ.

ಬಿಸಿಲೂರಿನವ — ನವೆಂಬರ್ 19, ರಾತ್ರಿ 10:05

ಬಚ್ಚಿಟ್ಟುಕೊಳ್ಳಲು ಜಾಗ ಹುಡುಕುತ್ತಿದ್ದವನನ್ನು ಮೈಕಿನ ಮುಂದೆ ನಿಲ್ಲಿಸಿದಿರಿ. ನಾನಾಗಿದ್ದರೆ ತಿಂಗಳಾದರೂ ಬರುತ್ತಿರಲಿಲ್ಲ.

ಆರನೆಯ ತರಗತಿ — ನವೆಂಬರ್ 19, ರಾತ್ರಿ 10:11

ಒಪ್ಪಿದೆ.

ಭೀಮಾತೀರ — ನವೆಂಬರ್ 20, ಬೆಳಿಗ್ಗೆ 6:30

ಟೀಚರ್, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಉದ್ದೇಶ ಸರಿ, ಆಯ್ಕೆ ಮಾಡಿದ ವಸ್ತು ಸರಿಯಿಲ್ಲ. ಎವರೆಸ್ಟ್ ಎಲ್ಲರ ಬಾಯಲ್ಲೂ ಇದೆ. ನಮ್ಮ ಜಿಲ್ಲೆಗೂ ಅವರ ದೇಶಕ್ಕೂ ನೇರವಾಗಿ ಗಂಟು ಹಾಕುವ ಸಂಗತಿಯೊಂದು ಇಲ್ಲೇ ಭೀಮಾ ನದಿಯ ದಂಡೆಯ ಮೇಲಿದೆ. ಸನ್ನತಿಗೆ ಕರೆದುಕೊಂಡು ಹೋಗಿ.

1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿಕಾಂಬಾ ಗುಡಿಯ ಛಾವಣಿ ಕುಸಿಯಿತು. ಅವಶೇಷ ತೆಗೆಯುವಾಗ ದೇವಿಯ ಪೀಠವಾಗಿ ಕುಳಿತಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿರುವ ಹನ್ನೆರಡನೆಯ ಶಾಸನ ಬೇರೆಯವರ ಮತಪಂಥವನ್ನು ಗೌರವದಿಂದ ಕಾಣಬೇಕು ಎಂಬ ವಿಷಯದ್ದು. ಅಲ್ಲಿಂದ ಕೂಗಳತೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ದೊಡ್ಡ ಸ್ತೂಪ ಹೊರಬಂತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಚಾಮರ ಹಿಡಿದ ಸೇವಕಿಯರು. ಮೇಲೆ ‘ರಾಯೋ ಅಸೋಕೋ’ ಎಂಬ ಬರಹ. ಅಶೋಕನ ಹೆಸರು ಕೆತ್ತಿರುವ ಅವನ ಶಿಲ್ಪ ಸಿಕ್ಕಿದ್ದು ನಮ್ಮಲ್ಲಿ.

ಈಗ ನೇಪಾಳಕ್ಕೆ ಬನ್ನಿ. ಲುಂಬಿನಿಯಲ್ಲಿ ಅದೇ ಅಶೋಕನ ಕಂಬವಿದೆ, 1896ರಲ್ಲಿ ಪತ್ತೆಯಾದದ್ದು. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ ತಾನೇ ಬಂದು ಪೂಜಿಸಿದೆ, ಬುದ್ಧ ಹುಟ್ಟಿದ್ದು ಇಲ್ಲಿ, ಆದ್ದರಿಂದ ಲುಂಬಿನಿ ಗ್ರಾಮದ ಕಂದಾಯ ಇಳಿಸಿದ್ದೇನೆ ಎಂದು ಅದರಲ್ಲಿ ಬರೆಸಿದ್ದಾನೆ. ಹುಡುಗನ ದೇಶದಲ್ಲೊಂದು ಕಲ್ಲು, ನಮ್ಮ ಜಿಲ್ಲೆಯಲ್ಲೊಂದು ಕಲ್ಲು, ಬರೆಸಿದವನು ಒಬ್ಬನೇ. ಇದನ್ನು ಕೇಳಿದರೆ ಯಾವ ಹುಡುಗನ ಎದೆ ಉಬ್ಬುವುದಿಲ್ಲ?

ಬಿಸಿಲೂರಿನವ — ನವೆಂಬರ್ 20, ಬೆಳಿಗ್ಗೆ 7:15

ಹನ್ನೊಂದು ವರ್ಷದ ಹುಡುಗನ ಎದೆ. ಕಂದಾಯ ಇಳಿಸಿದ ಸುದ್ದಿಗೆ ಉಬ್ಬುವುದು ನಿಮ್ಮ ನಮ್ಮಂತಹವರ ಎದೆ ಸರ್.

ಇನ್ನೊಂದು ಮಾತು. ಅಛಾಮ್ ಇರುವುದು ನೇಪಾಳದ ದೂರಪಶ್ಚಿಮದಲ್ಲಿ. ಎವರೆಸ್ಟ್ ಪೂರ್ವದ ಕಡೆ. ಲುಂಬಿನಿ ದಕ್ಷಿಣದ ಬಯಲಿನಲ್ಲಿ. ಅವನು ಎರಡನ್ನೂ ಕಂಡಿರಲಿಕ್ಕಿಲ್ಲ. ಬೀದರಿನವನಿಗೆ ತಲಕಾವೇರಿಯ ಚಿತ್ರ ತೋರಿಸಿ ‘ನೋಡು, ನಿನ್ನ ಮನೆಯ ಹಿತ್ತಲು’ ಎಂದ ಹಾಗಾಯಿತು.

ಖಡಕ್ ರೊಟ್ಟಿ — ನವೆಂಬರ್ 20, ಬೆಳಿಗ್ಗೆ 9:50

ನನಗೆ ಇಲ್ಲಿ ಸಮಸ್ಯೆಯೇ ಕಾಣುತ್ತಿಲ್ಲ. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ವರ್ಷವಿಡೀ ಗೊಣಗುತ್ತೇವೆ. ಇಲ್ಲೊಬ್ಬ ಕಲಿತು, ನನ್ನ ಭಾಷೆ ಕನ್ನಡ ಎಂದೇ ಬರೆದುಕೊಟ್ಟಿದ್ದಾನೆ. ಅವನಿಗೆ ಒಂದು ಪೇಡೆ ಕೊಟ್ಟು ಬೆನ್ನು ತಟ್ಟುವುದನ್ನು ಬಿಟ್ಟು, ಇಲ್ಲಪ್ಪ ನೀನು ನಮ್ಮವನಲ್ಲ, ಹೋಗಿ ಟೋಪಿ ಹಾಕಿಕೊಂಡು ಬಾ ಎನ್ನುತ್ತಿದ್ದೀರಿ. ಅವನ ಊರು ಕಲಬುರಗಿಯೇ ತಾನೇ?

ಬಿಸಿಲೂರಿನವ — ನವೆಂಬರ್ 20, ಬೆಳಿಗ್ಗೆ 10:20

ಊರು ಕಲಬುರಗಿ, ಒಪ್ಪುತ್ತೇನೆ. ಆದರೆ ಅಪ್ಪನನ್ನು ಓಣಿಯ ಗೂರ್ಖಾ ಎಂದು ಹೇಳಿ ಪಡೆದ ಊರು. ನಿಮ್ಮ ಮಗ ಬೆಂಗಳೂರಿನ ಕಚೇರಿಯಲ್ಲಿ ನಿಮ್ಮ ಫೋನ್ ಬಂದಾಗ ಎದ್ದು ಹೊರಗೆ ಹೋಗಿ, ದನಿ ತಗ್ಗಿಸಿ ಮಾತನಾಡುತ್ತಾನಲ್ಲ, ಯಾಕೆ? ‘ದವಾಖಾನೆ’, ‘ಖರೆ’ ಎಂಬ ಪದಗಳು ಪಕ್ಕದ ಮೇಜಿನವರ ಕಿವಿಗೆ ಬಿದ್ದಾವು ಎಂದು. ಬೆನ್ನು ತಟ್ಟುತ್ತೀರಾ?

ಖಡಕ್ ರೊಟ್ಟಿ — ನವೆಂಬರ್ 20, ಬೆಳಿಗ್ಗೆ 10:26

ನನಗಿರುವುದು ಇಬ್ಬರೂ ಹೆಣ್ಣುಮಕ್ಕಳು. ಇಬ್ಬರೂ ಕಚೇರಿಯಲ್ಲೇ ಕೂಗಿ ಮಾತನಾಡುತ್ತಾರೆ. ಆದರೆ ನೀವು ಹೇಳಿದ್ದು ತಿಳಿಯಿತು.

ಶಹಾಪುರದ ಸುತ್ತಿಗೆ — ನವೆಂಬರ್ 20, ರಾತ್ರಿ 11:48

ಬೆಳಿಗ್ಗೆಯಿಂದ ಈ ಚರ್ಚೆ ಓದುತ್ತಿದ್ದೇನೆ, ಕೆಲಸಕ್ಕೆ ಕೈ ಹತ್ತಲಿಲ್ಲ. ಆ ಹುಡುಗ ನಾನೇ. ದಿಕ್ಕು ಮಾತ್ರ ಬೇರೆ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು ನಾವು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ನನ್ನನ್ನು ಕಟ್ಟಿಕೊಂಡು ಪುಣೆಗೆ ಹೋದರು. ಅಪ್ಪ ಗಾರೆ ಕೆಲಸದಲ್ಲಿ ಬಿಗಾರಿ, ಅವ್ವ ಬುಟ್ಟಿ ಹೊರುತ್ತಿದ್ದಳು. ಏಳುತ್ತಿರುವ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಇನ್ನೊಂದು ಬುಡಕ್ಕೆ. ನಾನು ಸೇರಿದ್ದು ಮರಾಠಿ ಶಾಲೆಗೆ. ಅಲ್ಲಿ ನನ್ನ ಹೆಸರು ‘ಕಾನಡಿ’. ಹಾಜರಿ ಕೂಗುವಾಗ ಮಾತ್ರ ನಿಜವಾದ ಹೆಸರು. ಎರಡು ವರ್ಷದಲ್ಲಿ ನನ್ನ ಮರಾಠಿ ಎಷ್ಟು ಹದಕ್ಕೆ ಬಂತೆಂದರೆ ಶಾಲೆ ಬದಲಾದಾಗ ನಾನು ಸೋಲಾಪುರದವನು ಎಂದು ಹೇಳಿಬಿಟ್ಟೆ. ನಂಬಿದರು. ಅವ್ವನಿಗೆ, ಶಾಲೆಯ ಕಡೆ ಬರಬೇಡ, ಬಂದರೂ ಬಾಯಿ ತೆಗೆಯಬೇಡ ಎಂದಿದ್ದೆ. ಅವ್ವ ನಕ್ಕಿದ್ದಳು. ಆ ನಗುವನ್ನು ಈಗ ನೆನೆಸಿಕೊಳ್ಳಲು ಆಗುವುದಿಲ್ಲ.

ಒಂದು ದಿನ ಗೆಳೆಯನೊಬ್ಬ ಕೈ ಮುರಿದುಕೊಂಡಿದ್ದ. ಪ್ಲಾಸ್ಟರ್ ತೆಗೆಸಲು ಅವನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಬಾಗಿಲ ಹತ್ತಿರ ಒಬ್ಬ ಹೆಂಗಸು, ತೊಡೆಯ ಮೇಲೆ ಕೂಸು. ಸುರಪುರದ ಕಡೆಯವಳೆಂದು ಸೀರೆ ಉಟ್ಟ ರೀತಿಯಲ್ಲೇ ತಿಳಿಯಿತು. ನರ್ಸ್ ಏನು ಕೇಳಿದರೂ ಅವಳದು ಒಂದೇ ಮಾತು, ಕೂಸಿನ ಪಕ್ಕೆ ಸೆಳೆಯುತ್ತಿದೆ, ಪಕ್ಕೆ ಸೆಳೆಯುತ್ತಿದೆ. ನರ್ಸ್ ಆಚೀಚೆ ನೋಡಿ ಮರಾಠಿಯಲ್ಲಿ ಕೂಗಿದಳು: ಇಲ್ಲಿ ಯಾರಿಗಾದರೂ ಕಾನಡಿ ಬರುತ್ತದೆಯೇ?

ಗೆಳೆಯ ನನ್ನ ಪಕ್ಕದಲ್ಲೇ ಇದ್ದ. ನಾನು ತಕ್ಷಣ ಎದ್ದು ನಿಂತೆ ಎಂದು ಬರೆದರೆ ಸುಳ್ಳಾಗುತ್ತದೆ. ಗೋಡೆಯ ಮೇಲಿನ ಪೋಲಿಯೋ ಚಿತ್ರ ನೋಡುತ್ತಾ ಕುಳಿತೆ. ಎರಡನೆಯ ಸಲ ಕೂಗಿದಾಗಲೂ ಕುಳಿತೇ ಇದ್ದೆ. ಕೂಸು ಅಳುವುದನ್ನು ನಿಲ್ಲಿಸಿತು. ಅಳು ನಿಂತದ್ದು ಒಳ್ಳೆಯದಲ್ಲ ಎಂದು ಶೆಡ್ಡಿನಲ್ಲಿ ಬೆಳೆದ ನನಗೆ ಗೊತ್ತಿತ್ತು. ಎದ್ದು ಹೋಗಿ ಹೇಳಿದೆ: ಉಸಿರು ಎಳೆದುಕೊಂಡಾಗ ಪಕ್ಕೆ ಒಳಗೆ ಹೋಗುತ್ತಿದೆ, ಮೂರು ದಿನದಿಂದ ಜ್ವರ, ಹಾಲು ಕುಡಿಯುತ್ತಿಲ್ಲ. ಆ ತಾಯಿ ನನ್ನ ಕೈಯನ್ನು ಹಿಡಿದಳು ನೋಡಿ, ಬಿಡಲೇ ಇಲ್ಲ. ಡಾಕ್ಟರು ಬಂದರು, ಕೂಸನ್ನು ಒಳಗೆ ಕೊಂಡೊಯ್ದರು, ನಾನು ಆ ಕೈ ಹಿಡಿಸಿಕೊಂಡೇ ಅವರ ಹಿಂದೆ ಓಡಾಡಿದೆ. ಒಂದು ತಾಸು ಅಲ್ಲಿದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಕೂಸು ಉಳಿಯಿತು.

ಹೊರಗೆ ಬಂದ ಮೇಲೆ ಗೆಳೆಯ ನನ್ನನ್ನು ಹಂಗಿಸುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು, “ನಿನ್ನ ಭಾಷೆಯಲ್ಲಿ ಬೈಗುಳ ಹೇಗಿರುತ್ತವೆ? ನಾಲ್ಕು ಕಲಿಸು.” ಕಲಿಸಿದೆ. ಮರುವಾರಕ್ಕೆ ಅರ್ಧ ತರಗತಿಗೆ ಬರುತ್ತಿದ್ದವು. ಟೀಚರ್, ದಯವಿಟ್ಟು ಇದನ್ನು ಪಾಠಕ್ರಮಕ್ಕೆ ಸೇರಿಸಬೇಡಿ.

ತಾಂಡಾದ ಹುಡುಗಿ — ನವೆಂಬರ್ 21, ಮಧ್ಯಾಹ್ನ 1:30

ಸುತ್ತಿಗೆ ಅಣ್ಣ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೂ ಎಲ್ಲರಿಗೂ ಎದುರು ಮಾತು ಆಡುತ್ತೇನೆ. ಆ ಹುಡುಗನನ್ನು ಸ್ವಲ್ಪ ದಿನ ಅವನ ಪಾಡಿಗೆ ಬಿಡಿ.

ನಾನು ಚಿಂಚೋಳಿ ತಾಲ್ಲೂಕಿನ ತಾಂಡಾದವಳು. ದಸರೆ ಮುಗಿಯುತ್ತಲೇ ಯಾಡಿ, ಬಾಪು (ನಮ್ಮ ಮಾತಿನಲ್ಲಿ ಅವ್ವ, ಅಪ್ಪ) ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು, ನಾನು ಹಾಸ್ಟೆಲಿನಲ್ಲಿ. ಅಲ್ಲಿ ನಾನು ಲಂಬಾಣಿ ಎಂದು ಗೊತ್ತಾಗದ ಹಾಗೆ ಐದು ವರ್ಷ ಕಳೆದೆ. ಅದು ನಾಚಿಕೆ ಎಂದು ನೀವೆಲ್ಲ ಹೆಸರಿಡುತ್ತೀರಿ. ನನಗೆ ಅದು ನೆಮ್ಮದಿಯಾಗಿ ಊಟ ಮಾಡುವ ಉಪಾಯವಾಗಿತ್ತು. ಬಚ್ಚಿಟ್ಟುಕೊಂಡ ಮಕ್ಕಳಿಗೆಲ್ಲ ನಾಚಿಕೆಯೇ ಇರುವುದಿಲ್ಲ, ಎಷ್ಟೋ ಸಲ ಇರುವುದು ಹೆದರಿಕೆ. ಎರಡಕ್ಕೂ ಔಷಧ ಬೇರೆ ಬೇರೆ.

ನನ್ನ ಅಜ್ಜಿಯ ಕನ್ನಡಿ ಕೂರಿಸಿದ ಪೇಟಿಯಾ, ಕಾಂಚಳಿ (ಲಂಗ, ರವಿಕೆ) ನೋಡಿ ಬಸ್ಸಿನಲ್ಲಿ ಸರಿದು ಕುಳಿತವರ ಮೊಮ್ಮಕ್ಕಳು ಈಗ ಅದೇ ಕಸೂತಿಯ ಚೀಲ ಸಾವಿರಾರು ರೂಪಾಯಿ ಕೊಟ್ಟು ಹೆಗಲಿಗೆ ಹಾಕುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ಬಂದಾಗಲೂ ನನಗೆ ಹಿಗ್ಗಿಗಿಂತ ಸಿಟ್ಟೇ ಹೆಚ್ಚು ಬಂತು. ಹೆಮ್ಮೆ ಎಂದು ನನಗೆ ನಿಜವಾಗಿ ಅನ್ನಿಸಿದ್ದು 2023ರ ಜನವರಿಯಲ್ಲಿ. ಮಳಖೇಡದಲ್ಲಿ ತಾಂಡಾದವರಿಗೆ ಹಕ್ಕುಪತ್ರ ಹಂಚಿದರಲ್ಲ, ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ. ನಮ್ಮ ಮನೆಗೂ ಆಗ ಕಾಗದ ಬಂತು. ಅಲ್ಲಿಯವರೆಗೆ ನಾವು ವಾಸಿಸುತ್ತಿದ್ದ ಜಾಗ ನಮ್ಮದೆಂದು ಹೇಳಲು ಬಾಪುವಿನ ಹತ್ತಿರ ಏನೂ ಇರಲಿಲ್ಲ. ನಮ್ಮ ಭಾಷೆ ಗೋರ್ ಬೋಲಿ, ನಮ್ಮ ಹಾಡು ಎಲ್ಲ ಇತ್ತು. ಕಾಗದ ಇರಲಿಲ್ಲ.

ಟೀಚರ್, ನೀವು ಅವನ ಮನೆಗೆ ಒಮ್ಮೆ ಹೋಗಿ. ಆ ಕಾಲಮಿನಲ್ಲಿ ‘ಕನ್ನಡ’ ಎಂದು ಬರೆಯಲು ಅವನಿಗೆ ಹೇಳಿಕೊಟ್ಟವರು ಯಾರು ಎಂದು ಕೇಳಿ.

ನಿರ್ವಾಹಕರು — ನವೆಂಬರ್ 21, ಸಂಜೆ 5:00

ಅಳಿಸಿದ ಎರಡು ಪ್ರತಿಕ್ರಿಯೆಗಳು ಏಕೆ ಅಳಿಸಲ್ಪಟ್ಟವು ಎಂದು ಬರೆದವರಿಗೆ ಗೊತ್ತಿದೆ. ಹುಡುಗನ ಬಡಾವಣೆ, ಶಾಲೆ ಯಾವುದೆಂದು ಊಹಿಸುವ ಆಟ ಇಲ್ಲಿ ಬೇಡ. ‘ಗಡಿ ದಾಟಿ ಬಂದವರು’ ಎಂದು ಕೂಗಿದವರಿಗೆ ಒಂದು ಮಾಹಿತಿ: 1950ರ ಭಾರತ–ನೇಪಾಳ ಒಪ್ಪಂದದ ಪ್ರಕಾರ ಅವರು ಇಲ್ಲಿ, ನಾವು ಅಲ್ಲಿ ವೀಸಾ ಇಲ್ಲದೆ ಇರಬಹುದು, ದುಡಿಯಬಹುದು.

ಬಿಸಿಲೂರಿನವ — ನವೆಂಬರ್ 21, ಸಂಜೆ 5:40

ಜೇಬಿನಿಂದ ಒಂದು ನೋಟು ತೆಗೆದು ಹಿಂಬದಿ ನೋಡಿ. ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ, ಒಂಬತ್ತನೆಯದು ನೇಪಾಳಿ. ಮೇಲಿನ ಎಂಟನೆಯ ಸಾಲು ಮರಾಠಿ. 1992ರಲ್ಲಿ ಕೊಂಕಣಿ, ಮಣಿಪುರಿಯ ಜೊತೆ ನೇಪಾಳಿಯೂ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಇದನ್ನು ಹುಡುಗನಿಗಲ್ಲ, ಗೇಟಿನಲ್ಲಿ ಅಣಕಿಸಿದ ಹುಡುಗರಿಗೆ ತೋರಿಸಿ.

ಆರನೆಯ ತರಗತಿ — ಡಿಸೆಂಬರ್ 2, ರಾತ್ರಿ 10:30

ಹುಡುಗ ಶಾಲೆಗೆ ಬರುತ್ತಿದ್ದಾನೆ. ನನ್ನ ಮುಖ ನೋಡುವುದಿಲ್ಲ, ಅಷ್ಟೇ. ನಿನ್ನೆ ಅವರ ಮನೆಗೆ ಹೋಗಿದ್ದೆ. ತಾಂಡಾದ ಹುಡುಗಿ ಕೇಳಲು ಹೇಳಿದ್ದನ್ನು ಕೇಳಿದೆ.

ಒಂದೇ ಕೋಣೆ, ಮೇಲೆ ಶಹಾಬಾದ್ ಕಲ್ಲಿನ ಛಾವಣಿ. ತಂದೆ ಮಲಗಿದ್ದರು, ನಾನು ಬಂದೆನೆಂದು ಎದ್ದು ಅಂಗಿ ಹಾಕಿಕೊಂಡರು. ತಾಯಿ ಹೇಳಿದ್ದು ಇಷ್ಟು. ಬನ್‌ಬಸಾ ಗಡಿಯಲ್ಲಿ ಸೇತುವೆ ದಾಟಿ, ದೆಹಲಿಗೆ ಬಂದು, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಇಲ್ಲಿ ಇಳಿದಾಗ ಮೊದಲ ಮನೆಯ ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಒಂದು ಬುದ್ಧಿ ಹೇಳಿದರಂತೆ: ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ಡಾರ್ಜಿಲಿಂಗ್ ಎನ್ನಿ, ತಕರಾರು ಇರುವುದಿಲ್ಲ. ಅಂದಿನಿಂದ ಹಾಗೆಯೇ ಹೇಳುತ್ತಾ ಬಂದರು. ಹುಡುಗ ಹುಟ್ಟಿದ ಮೇಲೆ ಅವನಿಗೂ ಕಲಿಸಿದರು. ಓಣಿಯಲ್ಲಿ ಎಲ್ಲಿಯಾದರೂ ಕಳ್ಳತನವಾದರೆ ಮೊದಲು ಕೇಳುವುದು ಇವರನ್ನೇ. ಅವನ ನಾಲ್ಕನೆಯ ವಯಸ್ಸಿನಲ್ಲಿ ಹಾಗೆ ಒಂದು ರಾತ್ರಿ ಯಾರೋ ಬಂದು ಪೆಟ್ಟಿಗೆಗಳನ್ನೆಲ್ಲ ತೆಗೆಸಿ ನೋಡಿದ್ದರಂತೆ. ಹುಡುಗ ಡಾರ್ಜಿಲಿಂಗನ್ನೂ ಬಿಟ್ಟು ನೇರವಾಗಿ ಕಲಬುರಗಿ ಎಂದು ಬರೆದ. ಇನ್ನೂ ಸುಲಭವಲ್ಲವೇ.

ತಂದೆ ನಡುವೆ ಒಂದೇ ಮಾತು ಆಡಿದರು, ಹಿಂದಿಯಲ್ಲಿ. ಗೇಟಿನ ಹತ್ತಿರ ಅವನು ಹಾಗೆ ಹೇಳಿದ್ದು ಬುದ್ಧಿವಂತಿಕೆ ಟೀಚರ್, ನಾನೇ ಕಲಿಸಿದ್ದು. ನಾನು ಚಹಾದ ಲೋಟ ಹಿಡಿದುಕೊಂಡು ಕುಳಿತೆ. ಮೂರು ತಿಂಗಳು ಆ ಹುಡುಗನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೆ ಎಂದು ನನಗೊಬ್ಬಳಿಗೇ ಗೊತ್ತು.

ಅವರದು ಕಠ್ಮಂಡುವಿನ ನೇಪಾಳಿಯೂ ಅಲ್ಲವಂತೆ, ಅಛಾಮಿ. ರಾಜಧಾನಿಯಲ್ಲಿ ಅವರ ಮಾತಿಗೂ ನಗುತ್ತಾರಂತೆ. ಇದನ್ನು ಕೇಳಿ ನನಗೆ ನಗು ಬಂತು, ನಮ್ಮ ಕನ್ನಡಕ್ಕೂ ಬೆಂಗಳೂರಿನಲ್ಲಿ ಹಾಗೆಯೇ ಮಾಡುತ್ತಾರೆ ಎಂದೆ. ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದ ಹುಡುಗ ತಲೆ ಎತ್ತಿ, “ನಿಮ್ಮ ಕನ್ನಡಕ್ಕಾ ಟೀಚರ್?” ಎಂದ. ನವೆಂಬರ್ ನಂತರ ಅವನು ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು.

ಆಮೇಲೆ ತಾಯಿ ಭಾದ್ರಪದದಲ್ಲಿ ಬರುವ ತಮ್ಮ ಗೌರಾ ಹಬ್ಬದ ಬಗ್ಗೆ ಹೇಳಿದರು. ಐದು ಬಗೆಯ ಕಾಳು ನೆನೆಸಿ ‘ಬಿರುಡಾ’ ಮಾಡುತ್ತಾರೆ, ಅದರಲ್ಲಿ ನಮ್ಮ ಹುರುಳಿಯೂ ಉದ್ದೂ ಇವೆ. ಊರಿನವರೆಲ್ಲ ಕೈ ಕೈ ಹಿಡಿದು ಸುತ್ತುಗಟ್ಟಿ ‘ದೇವುಡಾ’ ಹಾಡುತ್ತಾರಂತೆ. ಒಂದು ಗುಂಪು ಸವಾಲು ಎಸೆದರೆ ಇನ್ನೊಂದು ಗುಂಪು ಅಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ತಂದೆ ಅದರಲ್ಲಿ ಎತ್ತಿದ ಕೈಯಂತೆ. ಇಲ್ಲಿ ಯಾರೊಡನೆ ಹಾಡುವುದು?

ಹರದೇಶಿ — ಡಿಸೆಂಬರ್ 3, ಬೆಳಿಗ್ಗೆ 5:55

ಸವಾಲು ಜವಾಬು ಎಂಬುದು ಕಿವಿಗೆ ಬಿದ್ದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನು ಅಫಜಲಪುರ ತಾಲ್ಲೂಕಿನವನು, ಚಿಕ್ಕಂದಿನಿಂದ ಗೀಗೀ ಮೇಳದ ಹಿಂದೆ ತಿರುಗಿದವನು. ನಮ್ಮ ಹರದೇಶಿ–ನಾಗೇಶಿಯೂ ಅದೇ ತಾನೇ! ಒಬ್ಬರು ಗಂಡು ಹೆಚ್ಚು ಎಂದರೆ ಇನ್ನೊಬ್ಬರು ಹೆಣ್ಣು ಹೆಚ್ಚು ಎಂದು ಬೆಳಗಿನವರೆಗೆ ಜಗ್ಗಾಡುವುದು. ಆ ಕಾವಲುಗಾರ ಅಣ್ಣ ರಾತ್ರಿಯಿಡೀ ಎಚ್ಚರ ಇರುವವರು, ನಮ್ಮ ಮೇಳಕ್ಕೆ ಹೇಳಿ ಮಾಡಿಸಿದ ಆಸಾಮಿ. ದಪ್ಪು, ತುಂತುಣಿ ನಾನು ತರುತ್ತೇನೆ. ಅವರು ಅವರ ಭಾಷೆಯಲ್ಲಿ ಸವಾಲು ಹಾಕಲಿ, ಹುಡುಗ ಅರ್ಥ ಹೇಳಲಿ, ಜವಾಬು ನಮ್ಮದು.

ಖಡಕ್ ರೊಟ್ಟಿ — ಡಿಸೆಂಬರ್ 3, ಬೆಳಿಗ್ಗೆ 8:20

ಇದಕ್ಕೆ ಬೇಕಾದರೆ ನಾನು ಜಾಗ ಕೊಡುತ್ತೇನೆ, ರೊಟ್ಟಿಯೂ ಕೊಡುತ್ತೇನೆ.

ತಾಂಡಾದ ಹುಡುಗಿ — ಡಿಸೆಂಬರ್ 3, ಬೆಳಿಗ್ಗೆ 9:02

ಮೊದಲು ಅವರನ್ನು ಕೇಳಿ. ಇನ್ನೊಂದು ಮೈಕು ಆಗುವುದು ಬೇಡ.

ಆರನೆಯ ತರಗತಿ — ಜನವರಿ 11, ರಾತ್ರಿ 9:15

ಭೀಮಾತೀರ ಸರ್ ಹೇಳಿದಂತೆ ತರಗತಿಯನ್ನು ಸನ್ನತಿಗೆ ಕರೆದುಕೊಂಡು ಹೋಗಿದ್ದೆ. ಏನಾಯಿತು ಎಂದು ಬರೆಯುತ್ತೇನೆ.

ಶಾಸನ, ಸ್ತೂಪ, ಅಶೋಕನ ಫಲಕದ ಚಿತ್ರ, ಲುಂಬಿನಿಯ ಕಂಬ, ಎಲ್ಲ ವಿವರಿಸಿದೆ. ಹುಡುಗನ ಕಡೆ ನೋಡದೆಯೇ ವಿವರಿಸಿದೆ, ಪಾಠ ಕಲಿತಿದ್ದೇನೆ. ಆದರೆ ಮುಂದಿನ ಸಾಲಿನವಳೊಬ್ಬಳು ಅವನನ್ನೇ ಕೇಳಿಬಿಟ್ಟಳು, “ನೀನು ಲುಂಬಿನಿ ನೋಡಿದ್ದೀಯಾ?” “ಇಲ್ಲ” ಎಂದ. ಅಷ್ಟೇ. ಎದೆ ಉಬ್ಬಿದ್ದೇನೂ ಕಾಣಲಿಲ್ಲ, ಕ್ಷಮಿಸಿ ಸರ್. ಕಲ್ಲಿನ ಮೇಲೆ ಹತ್ತಿದ ಹುಡುಗರಿಗೆ ಅಲ್ಲಿಯ ಕಾವಲುಗಾರರು ಸೀಟಿ ಊದಿದಾಗ ಎಲ್ಲರೂ ನಕ್ಕರು, ಅವನು ನಗಲಿಲ್ಲ.

ಊಟಕ್ಕೆ ಬೇವಿನ ಮರದ ಕೆಳಗೆ ಕುಳಿತಿದ್ದೆವು. ದೇವಣಿ ತಳಿಯ ಆಕಳುಗಳ ಹಿಂಡು ಹಾದುಹೋಯಿತು. ರೈತರ ಮನೆಯ ಹುಡುಗನೊಬ್ಬ ದೇವಣಿಯ ಗುಣಗಾನ ಶುರು ಮಾಡಿದ, ಎಷ್ಟು ಎತ್ತರ, ಎಷ್ಟು ಹಾಲು ಎಂದು. ಆಗ ಇವನು ಬುತ್ತಿಯಿಂದ ಕಣ್ಣು ತೆಗೆಯದೆ, “ನಮ್ಮ ಅಜ್ಜಿಯ ಆಕಳು ಒಂಬತ್ತು ಮುಷ್ಟಿ” ಎಂದ. ಯಾರಿಗೂ ತಿಳಿಯಲಿಲ್ಲ. “ಒಂಬತ್ತು ಮುಷ್ಟಿ ಎತ್ತರ. ಅದರ ಜಾತಿಯೇ ಹಾಗೆ. ನೌಮುಠೆ ಎನ್ನುತ್ತಾರೆ. ದೊಡ್ಡದಾದರೂ ಅಷ್ಟೇ.”

ಸುಳ್ಳು ಎಂದರು. ಅದು ಕರು ಇರಬೇಕು ಎಂದರು. ಮೇಕೆ ಇರಬೇಕು ಎಂದು ಒಬ್ಬ. ಹುಡುಗ ಕೆಂಪಾಗಿ ಎದ್ದು ಬೇವಿನ ಮರದ ಬುಡದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಒಂಬತ್ತು ಎಣಿಸಿದ. ಅವನ ಸೊಂಟದವರೆಗೂ ಬರಲಿಲ್ಲ. ಬಿದ್ದು ಬಿದ್ದು ನಕ್ಕರು. ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು, ಮತ್ತೆ ಮೂರು ದಿನ ಹೋಯಿತು ಎಂದುಕೊಂಡೆ. ಅವನು ಮಾತ್ರ ಬಿಡಲಿಲ್ಲ. “ನನ್ನ ಮುಷ್ಟಿ ಅಲ್ಲ, ದೊಡ್ಡವರ ಮುಷ್ಟಿ! ಟೀಚರ್, ನೀವು ಇಡಿ!” ನಾನು ಇಟ್ಟೆ. ಹೆಂಗಸರ ಮುಷ್ಟಿ ನಡೆಯುವುದಿಲ್ಲ ಎಂದು ತಕರಾರು. ಬಸ್ಸಿನ ಚಾಲಕರನ್ನು ಕರೆದರು, ಅವರೂ ಮಣ್ಣಿನಲ್ಲಿ ಮಂಡಿಯೂರಿ ಒಂಬತ್ತು ಎಣಿಸಿದರು. ಮರದ ಮೇಲೆ ಸುಣ್ಣದ ಕಲ್ಲಿನಿಂದ ಮೂರು ಗೆರೆ ಬಿದ್ದವು. ದಾರಿಯುದ್ದಕ್ಕೂ ಅದೇ ಜಗಳ: ಯಾರ ಮುಷ್ಟಿಯ ಲೆಕ್ಕ, ಹೆಬ್ಬೆರಳು ಮಡಿಸಬೇಕೋ ಎತ್ತಬೇಕೋ, ಅಷ್ಟು ಚಿಕ್ಕ ಆಕಳು ಹಾಲು ಕೊಡುತ್ತದೆಯೇ, ಆ ಬೆಟ್ಟದಲ್ಲಿ ದೊಡ್ಡ ಆಕಳು ಜಾರಿ ಬೀಳುತ್ತದೆಯೇ. ಎಲ್ಲಕ್ಕೂ ಉತ್ತರ ಅವನೊಬ್ಬನ ಹತ್ತಿರವೇ ಇತ್ತು. ಮೂರನೆಯ ತರಗತಿಯ ರಜೆಯಲ್ಲಿ ಒಂದು ತಿಂಗಳು ಹೋಗಿ ಬಂದಿದ್ದನಂತೆ.

ಸಾಕ್ಷಿ ಬೇಕೆಂದು ತರಗತಿ ಪಟ್ಟು ಹಿಡಿಯಿತು. ಮೊನ್ನೆ ಮಂಗಳವಾರ ಬೆಳಿಗ್ಗೆ ತಂದೆ ಪಾಳಿ ಮುಗಿಸಿ, ನಾನು ಕರೆಯದೆಯೇ, ಮೊಬೈಲ್ ಹಿಡಿದು ಗೇಟಿಗೆ ಬಂದರು. ಅಜ್ಜಿ ಎಂಟು ಗಂಟೆಗೆ ಕರೆ ಮಾಡಲು ಹೇಳಿದ್ದರು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ, ಅದು ಗೊತ್ತಾಗದೆ ನಾವು ತಡ ಮಾಡಿದೆವು. ಅಜ್ಜಿ ಬೈದರು, ಬೈದದ್ದು ನನಗೇ ಇರಬೇಕು, ಹುಡುಗ ಅನುವಾದಿಸಲಿಲ್ಲ. ಕೊಟ್ಟಿಗೆಯಲ್ಲಿ ಕಪ್ಪು ಆಕಳು. ಅಜ್ಜಿ ಪಕ್ಕದಲ್ಲಿ ನಿಂತು ಗೊರಸಿನಿಂದ ಮುಷ್ಟಿ ಇಡುತ್ತಾ ಹೋದರು, ಇಲ್ಲಿ ಮೂವತ್ತೆಂಟು ಮಕ್ಕಳು ಅಛಾಮಿಯಲ್ಲಿ ಎಣಿಸಿದರು. ಎಣಿಕೆಯನ್ನು ಅವನು ಹಿಂದಿನ ದಿನವೇ ಕಲಿಸಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಎಂಟೂವರೆ ಮುಷ್ಟಿ ಆಯಿತು! ಮತ್ತೆ ಗಲಾಟೆ.

ಈ ಗದ್ದಲದಲ್ಲಿ ಹಿಂದಿನ ಬೆಂಚಿನವನು ಕೇಳಿದ, “ಫೋನ್ ಹಿಡಿದವರು ಯಾರು?” ಹುಡುಗ ಪರದೆಯಿಂದ ಕಣ್ಣು ತೆಗೆಯದೆ “ಅಪ್ಪ” ಎಂದ. “ಸ್ವಲ್ಪ ಮೇಲಕ್ಕೆ ಹಿಡಿ ಅನ್ನು, ಕಾಣುತ್ತಿಲ್ಲ” ಎಂದರು ಹಿಂದಿನವರು. ಅವನು ಅಪ್ಪನಿಗೆ ಅವರ ಮಾತಿನಲ್ಲಿ ಏನೋ ಹೇಳಿದ, ಅವರು ಕೈ ಎತ್ತಿ ಹಿಡಿದರು. ಟೋಪಿ ತಲೆಯ ಮೇಲೆಯೇ ಇತ್ತು. ಆ ಹೊತ್ತಿನಲ್ಲಿ ಯಾರೂ ಅದನ್ನು ನೋಡಲಿಲ್ಲ.

ಭೀಮಾತೀರ — ಜನವರಿ 11, ರಾತ್ರಿ 9:40

ಅಶೋಕನನ್ನು ಆಕಳು ಸೋಲಿಸಿತು. ಒಪ್ಪಿಕೊಳ್ಳುತ್ತೇನೆ. ಆದರೆ ಸನ್ನತಿಗೆ ಹೋಗದಿದ್ದರೆ ಆಕಳ ಮಾತು ಬರುತ್ತಿರಲಿಲ್ಲ ಎಂಬುದನ್ನು ದಾಖಲಿಸಬೇಕು.

ಶಹಾಪುರದ ಸುತ್ತಿಗೆ — ಜನವರಿ 11, ರಾತ್ರಿ 11:20

‘ಅಪ್ಪ’ ಎಂಬ ಪದದ ಹತ್ತಿರ ಓದು ನಿಲ್ಲಿಸಿ ಊರಿಗೆ ಫೋನ್ ಮಾಡಿದೆ. ಇಷ್ಟು ಹೊತ್ತಿನಲ್ಲಿ ಏನಾಯಿತು ಎಂದು ಅವ್ವ ಗಾಬರಿಯಾದಳು.

ತಾಂಡಾದ ಹುಡುಗಿ — ಜನವರಿ 12, ಬೆಳಿಗ್ಗೆ 7:45

ಆ ಕಾಲಂ ಏನಾಯಿತು ಟೀಚರ್?

ಆರನೆಯ ತರಗತಿ — ಜನವರಿ 12, ಸಂಜೆ 6:10

ಹಾಗೆಯೇ ಇದೆ. ತಿದ್ದು ಎಂದು ನಾನು ಹೇಳಲಿಲ್ಲ, ಮನೆಯವರ ಹೆದರಿಕೆ ಇನ್ನೂ ಹೋಗಿಲ್ಲ, ಹೋಗಬೇಕಾದರೆ ಓಣಿಯವರು ಬದಲಾಗಬೇಕು. ಆದರೆ ಇಂದು ಮಧ್ಯಾಹ್ನ ಅವನೇ ಬಂದು, ಆ ಕಾಲಮಿನಲ್ಲಿ ಎರಡು ಭಾಷೆ ಬರೆಯಬಹುದೇ ಎಂದು ಕೇಳಿದ. ಜಾಗ ಚಿಕ್ಕದು ಎಂದೆ. “ಚಿಕ್ಕದಾಗಿ ಬರೆಯುತ್ತೇನೆ” ಎಂದ. ಅಪ್ಪನನ್ನು ಕೇಳಿ ಬಾ ಎಂದು ಕಳುಹಿಸಿದ್ದೇನೆ.

ಭಾಲ್ಕಿಯ ಕೊಟ್ಟಿಗೆ — ಜನವರಿ 13, ಬೆಳಿಗ್ಗೆ 6:05

ಇಷ್ಟು ದಿನ ಓದಿದ್ದೆ, ಬರೆದಿರಲಿಲ್ಲ. ನಮ್ಮ ಮನೆಯ ದೇವಣಿ ಆಕಳನ್ನು ಈಗ ತಾನೇ ಅಳೆದು ಬಂದೆ. ನನ್ನ ಮುಷ್ಟಿಯಲ್ಲಿ ಹದಿನಾಲ್ಕು, ನನ್ನ ತಾಯಿಯ ಮುಷ್ಟಿಯಲ್ಲಿ ಹದಿನಾರು. ಹೆಬ್ಬೆರಳು ಮಡಿಸಿ. ಆ ಹುಡುಗನಿಗೆ ತಿಳಿಸಿ, ಮತ್ತು ಅವನ ಅಜ್ಜಿ ಹೆಬ್ಬೆರಳನ್ನು ಏನು ಮಾಡಿದರು ಎಂದು ಕೇಳಿ ಬರೆಯಿರಿ.